ಬೀರಪ್ಪನ ಗುಡಿಯ ಹಿಂದಿನ ಕುಣಿ

ಹೋದ ವರ್ಷ ಹೋಳಿ ಹಬ್ಬಕ್ಕೆ ಸ್ವಲ್ಪ ಮುಂಚೆ, ಉಮರ್ಗಾದಿಂದ ಸೋಲಾಪುರಕ್ಕೆ ಹೊರಟಿದ್ದ ಎಸ್‌ಟಿ ಬಸ್ಸು ಯೆಣೆಗೂರಿನಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುತ್ತದೆ ಎಂದ ಕಂಡಕ್ಟರ್, ಯಾವಾಗ ಎಂದು ಹೇಳಲಿಲ್ಲ. ರಸ್ತೆ ಬದಿಯ ಢಾಬಾದಲ್ಲಿ ಚಹಾ ಹೇಳಿ ಕೂತೆ. ಒಲೆ ಹತ್ತುತ್ತಿರಲಿಲ್ಲ. ಢಾಬಾದವನು ಹಸಿ ಜಾಲಿಯ ಕಟ್ಟಿಗೆ ಮೇಲೆ ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದ. ಕರಿ ಹೊಗೆ ಎದ್ದು ತಗಡಿನ ಚಾವಣಿಗೆ ಬಡಿದು ಕೆಳಗಿಳಿಯಿತು. ಆ ಮಸಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಬಲಗೈ ತಾನಾಗಿಯೇ ಮೇಜಿನ ಮೇಲೆ ಅಂಗೈ ಊರಿತು, ನೆಲ ಅಲುಗುತ್ತಿದೆಯೇ ಎಂದು ನೋಡುವ ಹಾಗೆ. ಇಷ್ಟು ವರ್ಷವಾದರೂ ಈ ಅಭ್ಯಾಸ ಬಿಟ್ಟಿಲ್ಲ. ಮನೆ ಮುಂದೆ ಲಾರಿ ಹೋದರೂ ಕೈ ಗೋಡೆಗೆ ಹೋಗುತ್ತದೆ. ಹೆಂಡತಿ ನೋಡಿಯೂ ನೋಡದವಳಂತೆ ಇರುತ್ತಾಳೆ.

ನಮ್ಮ ಸೀಮೆಯಲ್ಲಿ ದೊಡ್ಡ ಭೂಕಂಪವಾದ ವರ್ಷ ನಾನು ಉದಗೀರದ ಕಾಲೇಜಿನಲ್ಲಿ ಭೂವಿಜ್ಞಾನದ ಪದವಿ ಮುಗಿಸಿ ಮನೆಯಲ್ಲಿದ್ದೆ. ಅಪ್ಪನದು ಧಾನ್ಯದ ಅಡತಿ ಅಂಗಡಿ. ತೊಗರಿ ಚೀಲಗಳ ನಡುವೆ ಕೂತು ತೂಕ ನೋಡುವುದು ನನಗೆ ಬೇಕಿರಲಿಲ್ಲ. ಆಗಲೇ ಒಂದು ವಿಶ್ವವಿದ್ಯಾಲಯದವರು ಮರುಕಂಪನಗಳನ್ನು ಅಳೆಯಲು ಬಂದರು. ಮೊದಲು ದೊಡ್ಡ ತಂಡವೇ ಇತ್ತು. ದೀಪಾವಳಿಯ ಹೊತ್ತಿಗೆ ಪತ್ರಿಕೆಯವರೂ ಹೋದರು, ತಂಡವೂ ತೆಳುವಾಯಿತು. ಕೊನೆಗೆ ಯೆಣೆಗೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಂದು ಯಂತ್ರವೂ ಅದನ್ನು ನೋಡಿಕೊಳ್ಳಲು ಒಬ್ಬ ಸಂಶೋಧನಾ ವಿದ್ಯಾರ್ಥಿಯೂ ಉಳಿದರು. ಅವನಿಗೆ ಕನ್ನಡವೂ ಬರದು, ಮರಾಠಿಯೂ ಬರದು. ಎರಡೂ ಬಲ್ಲ, ಕಲ್ಲು ಮಣ್ಣಿನ ಪಾಠ ಓದಿದ ಒಬ್ಬ ಬೇಕೆಂದು ನನ್ನನ್ನು ಕರೆದರು.

ಅವನ ಹೆಸರು ತೆಸ್ಫಾಯೆ. ಇಥಿಯೋಪಿಯಾದವನು. ಎತ್ತರದ ತೆಳ್ಳಗಿನ ಆಳು, ಮಾತಾಡುವ ಮೊದಲು ಒಂದು ಸಲ ಕೆಮ್ಮುವವನು. ಬೀದರ, ಉದಗೀರದ ಕಡೆ ಕೋಟೆಯ ಕಥೆಗಳಲ್ಲಿ ಆ ದೇಶದಿಂದಲೇ ಬಂದ ಹಬಶಿ ಸೈನಿಕರು ಬರುತ್ತಾರಲ್ಲ, ಅವನನ್ನು ನೋಡಿದ ಕೂಡಲೇ ಊರವರು ಹಬಶಿ ಎಂದರು. ನಾನು ಮುಜುಗರಪಟ್ಟು ಅದನ್ನು ಅವನಿಗೆ ಹೇಳಿದರೆ, ಅವನು ನಕ್ಕು, ಸರಿಯಾಗಿಯೇ ಗುರುತಿಸಿದ್ದಾರೆ ಎಂದ. ಒಂದು ವಾರ ಕಳೆಯುವಷ್ಟರಲ್ಲಿ ಅವನು ತೆಸಪ್ಪ ಆಗಿಬಿಟ್ಟ.

ಹಳ್ಳಿಯೆಂದರೆ ಆಗ ಊರಲ್ಲ. ಹಳೆಯ ಊರು ಕಲ್ಲುಮಣ್ಣಿನ ರಾಶಿ. ಜನ ಅದರಾಚೆ ತಗಡಿನ ಶೆಡ್ಡುಗಳಲ್ಲಿದ್ದರು. ಎಲ್ಲ ಅಲುಗಿದ ಆ ನೆಲದಲ್ಲಿ ಬಂಡೆ ಗಟ್ಟಿಯಾಗಿ ಕಾಣುತ್ತಿದ್ದದ್ದು ಒಂದೇ ಕಡೆ, ಬೀರಪ್ಪನ ಗುಡಿಯ ಹಿಂದಿನ ದಿಬ್ಬದಲ್ಲಿ. ಯಂತ್ರಕ್ಕೆ ಅಂಥದೇ ಜಾಗ ಬೇಕು. ಗುಡಿ ಕುರುಬರದು. ಪೂಜೆ ಮಾಳಪ್ಪನದು. ಮಾಳಪ್ಪ ಕಾಕಾ ಭೂಕಂಪದಲ್ಲಿ ತಮ್ಮನನ್ನೂ ತಮ್ಮನ ಮಕ್ಕಳನ್ನೂ ಕಳೆದುಕೊಂಡಿದ್ದ. ಕುರಿಗಳು ಮಾತ್ರ ಹೊಲದಲ್ಲಿದ್ದವು, ಉಳಿದವು.

"ದೇವರ ಬೆನ್ನಾಗ ಕುಣಿ ತೋಡ್ತೀರಿ," ಅಂದ ಮಾಳಪ್ಪ. "ಕೇಳ್ದೆ ಹೆಂಗ ಬಿಡ್ಲಿ? ದೇವರನ್ನ ಕೇಳ್ತೀನಿ."

ಕೇಳಿದ. ದೇವರು ಒಪ್ಪಿದನಂತೆ, ಆದರೆ ಕುಣಿಯೊಳಗೆ ಇಡುವುದಕ್ಕೆ ಭಂಡಾರ ಹಚ್ಚಬೇಕು. ಭಂಡಾರವೆಂದರೆ ಬೀರಪ್ಪನ ಅರಿಶಿನ ಪುಡಿ. ಅದು ಮುಟ್ಟಿದ ವಸ್ತು ದೇವರದಾಗುತ್ತದೆ. ಒಂದು ಕಣ ಒಳಗೆ ಹೋದರೂ ಯಂತ್ರ ಕೆಡುತ್ತದೆ ಎಂದು ತೆಸ್ಫಾಯೆ ಹೆದರಿದ. ಮುಚ್ಚಳದ ಮೇಲೆ ಮಾತ್ರ ಎಂದು ನಾನು ರಾಜಿ ಮಾಡಿಸಿದೆ. ಲಗಮವ್ವ ಕಾಕು, ಮಾಳಪ್ಪನ ಹೆಂಡತಿ, ಚಿಟಿಕೆ ಭಂಡಾರ ಮುಚ್ಚಳಕ್ಕೆ ಹಚ್ಚಿದಳು, ಉಳಿದದ್ದನ್ನು ತೆಸ್ಫಾಯೆಯ ಹಣೆಗೆ ಒತ್ತಿದಳು. ಅವನ ಕರಿ ಹಣೆಯ ಮೇಲೆ ಅದು ನಮ್ಮ ಯಾರ ಹಣೆಗಿಂತಲೂ ಹೊಳೆಯುತ್ತಿತ್ತು.

ಕೆಲಸ ಹೀಗಿತ್ತು. ಉರುಳೆಗೆ ಒಂದು ಬಿಳಿ ಕಾಗದ ಸುತ್ತಿ, ಚಿಮಣಿ ದೀಪದ ಮೇಲೆ ನಿಧಾನವಾಗಿ ತಿರುಗಿಸಬೇಕು. ಮಸಿ ಕೂತು ಕಾಗದ ರೇಷ್ಮೆಯ ಹಾಗೆ ಕಪ್ಪಾಗುತ್ತದೆ. ಆಮೇಲೆ ಉರುಳೆಯನ್ನು ಯಂತ್ರಕ್ಕೆ ಹಾಕಿದರೆ, ಒಂದು ಸಣ್ಣ ಮುಳ್ಳು ಆ ಮಸಿಯನ್ನು ಕೆರೆಯುತ್ತ ಬಿಳಿ ಗೆರೆ ಎಳೆಯುತ್ತದೆ. ನೆಲ ಸುಮ್ಮನಿದ್ದರೆ ಗೆರೆ ನೆಟ್ಟಗೆ. ಅಲುಗಿದರೆ ನಡುಗುತ್ತದೆ. ದಿನಾ ಬೆಳಿಗ್ಗೆ ಹಳೆಯ ಕಾಗದ ತೆಗೆದು, ಮಸಿ ಉದುರದಂತೆ ಅರಗಿನ ನೀರಿನಲ್ಲಿ ಅದ್ದಿ, ಹಗ್ಗಕ್ಕೆ ಒಣಹಾಕುತ್ತಿದ್ದೆವು. ಗುಡಿಯ ಮುಂದೆ ಲಗಮವ್ವನ ಸೀರೆ, ಅದರ ಪಕ್ಕದಲ್ಲಿ ನಮ್ಮ ಕರಿ ಕಾಗದ.

ಜನ ಬಂದು ನಿಲ್ಲುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ. "ತೆಸಪ್ಪಗ ಕೇಳ್ರಿ, ಇವತ್ತು ಒಳಗ ಮಲಗಬಹುದೇನು?"

ಯಂತ್ರ ಆದದ್ದನ್ನು ಹೇಳುತ್ತದೆ, ಆಗುವುದನ್ನಲ್ಲ ಎಂದು ಅವನು ಹೇಳುತ್ತಿದ್ದ. ನಾನು ಅನುವಾದಿಸುತ್ತಿದ್ದೆ. "ಆಗಿದ್ದು ನಮಗೂ ಗೊತ್ತದ ತಮ್ಮಾ," ಅನ್ನುತ್ತಿದ್ದಳು ಲಗಮವ್ವ, "ಅದಕ್ಕ ಮಶೀನ್ ಯಾಕ ಬೇಕು?" ಆದರೂ ಕಾಗದದ ಗೆರೆ ನೆಟ್ಟಗಿದ್ದ ದಿನ ಜನ ಸಮಾಧಾನದಿಂದ ಹೋಗುತ್ತಿದ್ದರು. ಬೆಳಿಗ್ಗೆ ಹೊಲಕ್ಕೆ ಹೋಗುವ ಮೊದಲು ಗೆರೆ ನೋಡಿ ಹೋಗುವುದು ಒಂದು ರೂಢಿಯೇ ಆಯಿತು.

ನೆಲವಷ್ಟೇ ಅಲುಗಿಸುತ್ತಿರಲಿಲ್ಲ ಆ ಮುಳ್ಳನ್ನು. ಮಾಳಪ್ಪನ ಕುರಿಹಿಂಡು ಹೋದರೂ ಗೆರೆ ನಡುಗುತ್ತಿತ್ತು. ರಸ್ತೆಯ ಮೇಲೆ ಕಬ್ಬಿನ ಲಾರಿ ಹೋದರೂ. ಬೀದರಿನ ಕಡೆಯಿಂದ ಬರುವ ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ತಿರುವು ಹಾಕಿದರೂ. ಇವು ಭೂಕಂಪವಲ್ಲ ಎಂದು ಆಮೇಲೆ ತಿಳಿಯಬೇಕಲ್ಲ, ಅದಕ್ಕೆ ತೆಸ್ಫಾಯೆ ಗೆರೆಯ ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ: ಕುರಿ, ಲಾರಿ, ವಿಮಾನ.

ಎಳ್ಳಮಾವಾಸ್ಯೆಗೆ ಅವನನ್ನು ಉದಗೀರಕ್ಕೆ ಕರೆದುಕೊಂಡು ಹೋದೆ. ನಮ್ಮದು ಲಿಂಗವಂತರ ಮನೆ. ವಿದೇಶದವನು, ಏನು ತಿನ್ನುವನೋ ಎಂದು ಅವ್ವನಿಗೆ ಚಿಂತೆ. ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಊಟಕ್ಕೆ ಕೂತಾಗ ಅವನು ಭಜ್ಜಿ ಹಾಕಿಸಿಕೊಂಡ, ಜೋಳದ ರೊಟ್ಟಿ ಹಾಕಿಸಿಕೊಂಡ, ಅಂಬಲಿಯಲ್ಲಿ ಮಜ್ಜಿಗೆ ಇದೆಯೆಂದು ತಿಳಿದು ಬೇಡವೆಂದು ಕೈ ಮುಗಿದ. ಅವರ ಕ್ರಿಸ್ಮಸ್ಸಿಗೆ ಮುಂಚೆಯೂ ಈಸ್ಟರಿಗೆ ಮುಂಚೆಯೂ ಬಹಳ ದಿನ ಉಪವಾಸವಂತೆ. ಮಾಂಸ, ಮೊಟ್ಟೆ, ಹಾಲು, ಯಾವುದೂ ಇಲ್ಲ.

"ಮಜ್ಜಿಗಿನೂ ಇಲ್ಲೇನು?" ಅವ್ವ ನನ್ನ ಕಡೆ ತಿರುಗಿದಳು. "ನೋಡು, ಕಲಿ. ನೀ ಸೋಮವಾರ ಒಂದ ಹೊತ್ತು ಬಿಡಂದ್ರ ಮಾರಿ ಸಣ್ಣ ಮಾಡ್ತಿ."

ಅಂದು ಹಿಂದಿರುಗುವ ದಾರಿಯಲ್ಲಿ ಅವನು ತನ್ನ ಊರಿನ ಮಾತಾಡಿದ. ಅಲ್ಲಿಯೂ ಇದೇ ಕರಿಕಲ್ಲು, ಜೋಳ, ಕಂಬಳಿ ಹೊದ್ದ ಕುರುಬರು. ವರ್ಷಾನುಗಟ್ಟಲೆ ಯುದ್ಧ ನಡೆದು ಈಗಷ್ಟೇ ನಿಂತಿತ್ತು. ನೆಲ ಬಿರಿಯುವ ದೇಶ ಅವನದು, ಆದರೆ ನೆಲದ ಮಾತು ಓದಬಲ್ಲವರು ಅಲ್ಲಿ ಬೆರಳೆಣಿಕೆಯಷ್ಟು. ಅವರ ಸರ್ಕಾರ ಅವನನ್ನು ಇದಕ್ಕೆಂದೇ ಕಳಿಸಿತ್ತು. ನೆಲದೊಳಗಿನ ಬಿರುಕು ನಿಂತಿದೆಯೋ, ಉಮರ್ಗಾದ ಕಡೆ ಸರಿಯುತ್ತಿದೆಯೋ, ಇದು ಅವನ ಪ್ರಬಂಧದ ವಿಷಯ. ಅದಕ್ಕೆ ಮಳೆಗಾಲದವರೆಗೆ ಬಿಡದೆ ಗೆರೆ ಬೇಕಿತ್ತು. ಪದವಿ ಇಲ್ಲದೆ ಹೋದರೆ ಇನ್ನೊಮ್ಮೆ ಕಳಿಸುವವರಿರಲಿಲ್ಲ.

"ಅನುಮತಿ?" ಎಂದು ಕೇಳಿದೆ. ವಿದೇಶಿಯರು ಇಂಥ ಕೆಲಸ ಮಾಡಲು ದಿಲ್ಲಿಯ ಅನುಮತಿ ಬೇಕೆಂದು ನಾನು ಕೇಳಿದ್ದೆ.

ಸರ್ ಅರ್ಜಿ ಹಾಕಿದ್ದಾರೆ, ಹೋಗಿ ಕೆಲಸ ಶುರು ಮಾಡು, ಕಾಗದ ಹಿಂದಿನಿಂದ ಬರುತ್ತದೆ ಎಂದಿದ್ದಾರೆ, ಅಂದ. ಸರ್ ಎಂದರೆ ಅವನ ಮಾರ್ಗದರ್ಶಕರು. ಈ ಮಾತು ಊರಿಗೂ ಗೊತ್ತಾಯಿತು. ಮಾಳಪ್ಪ ಆಗಾಗ ವಿಚಾರಿಸುತ್ತಿದ್ದ: "ದಿಲ್ಲಿ ಕಾಗದ ಬಂತೇನೋ ತಮ್ಮಾ?" ಪರಿಹಾರದ ಮನೆಗಳಿಗಾಗಿ ಅವರೂ ಅಂಥ ಕಾಗದ ಕಾಯುತ್ತಿದ್ದವರೇ. ಕಾಗದ ಬರುವುದು ತಡವಾಗುತ್ತದೆ ಎಂಬುದು ಯಾರಿಗೂ ವಿಶೇಷವೆನಿಸಲಿಲ್ಲ.

ಹಿಂಗಾರಿ ಜೋಳ ಕೊಯ್ಲಿಗೆ ಬಂದಾಗ ಕಾಗದ ಬಂತು. ಅದರ ಜೊತೆ ಸಾದಾ ಬಟ್ಟೆಯ ಒಬ್ಬ ಪೊಲೀಸ್ ಅಧಿಕಾರಿಯೂ ಬಂದರು. ಮರಾಠಿಯವರು, ಮೆಲುದನಿಯವರು. ನಮ್ಮ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಲಗಮವ್ವ ಕೊಟ್ಟ ಚಹಾ ಕುಡಿದರು. ಆಮೇಲೆ ಹಗ್ಗದ ಮೇಲೆ ಒಣಗುತ್ತಿದ್ದ ಕಾಗದಗಳನ್ನು ಒಂದೊಂದಾಗಿ ನೋಡಿದರು. ಒಂದು ಕಡೆ ಬೆರಳಿಟ್ಟರು.

"ಇಲ್ಲಿ ವಿಮಾನ ಅಂತ ಬರೆದಿದೆ. ಯಾಕೆ?"

"ಅದನ್ನು ಲೆಕ್ಕದಿಂದ ಬಿಡುವುದಕ್ಕೆ," ಎಂದು ನಾನು ಅವನ ಉತ್ತರ ಹೇಳಿದೆ.

"ಬಿಡುವುದಾದರೆ ಬರೆಯುವುದು ಯಾಕೆ?"

"ಬರೆಯದಿದ್ದರೆ ಯಾವುದನ್ನು ಬಿಡಬೇಕು ಅಂತ ತಿಳಿಯೋದಿಲ್ಲ ಸಾಹೇಬ್ರೆ."

ಅವರು ತಲೆಯಾಡಿಸಿದರು. "ನೀನು ಹೇಳುವುದು ನನಗೆ ಅರ್ಥವಾಗುತ್ತದೆ. ನಾನು ಬರೆದು ಕಳಿಸುವವರಿಗೆ ಅರ್ಥವಾಗಬೇಕಲ್ಲ."

ಕಾಗದದಲ್ಲಿದ್ದ ಆಜ್ಞೆ ಸರಳವಾಗಿತ್ತು. ದೇಶದ ಸುರಕ್ಷೆಯ ಕಾರಣದಿಂದ ವಿದೇಶಿ ವಿದ್ಯಾರ್ಥಿ ನೆಲದ ಅಳತೆ, ನಕಾಶೆ, ಯಂತ್ರದ ದಾಖಲೆಗಳನ್ನು ಮುಟ್ಟುವ ಸಂಶೋಧನೆ ಮಾಡಕೂಡದು. ಇದ್ದದ್ದನ್ನೆಲ್ಲ ಒಪ್ಪಿಸಬೇಕು. ನಕಾಶೆಗಳನ್ನೂ ಕಾಗದಗಳನ್ನೂ ಅಂದೇ ಕಟ್ಟಿಕೊಂಡರು. ಯಂತ್ರವನ್ನು ಬಿಚ್ಚಿ ಒಯ್ಯಲು ಮರುದಿನ ಬೆಳಿಗ್ಗೆ ಜೀಪು ತರುವುದಾಗಿ ಹೇಳಿದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲ ಸರಿಯಾಗಿ ಒಪ್ಪಿಸಿದರೆ ವಿಷಯ ಬದಲಿಸಿಕೊಂಡು ವಿಶ್ವವಿದ್ಯಾಲಯದಲ್ಲೇ ಇರಬಹುದು. ಪುಸ್ತಕ ನೋಡಿ ಮಾಡುವ ವಿಷಯ. ನಾನು ಹಾಗೇ ಬರೆಯುತ್ತೇನೆ," ಅಂದರು.

ಯೆಣೆಗೂರಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಸರ್‌ಗೆ ಫೋನು ಮಾಡಿದೆವು. ತೆಸ್ಫಾಯೆ ಬಹಳ ಹೊತ್ತು ಕೇಳಿಸಿಕೊಂಡ, ಎಸ್ ಸರ್, ಎಸ್ ಸರ್ ಎಂದ, ಇಟ್ಟ. ಏನಂದರು ಎಂದೆ. ತಮ್ಮ ಕೈಯಲ್ಲಿ ಏನೂ ಇಲ್ಲ ಅಂದರು, ಎಂದ. ಬೂತಿನಿಂದ ಹೊರಗೆ ಬರುತ್ತ, ಪುಸ್ತಕದಿಂದಲೂ ಏನಾದರೂ ಮಾಡಬಹುದು, ಎಂದು ತನಗೇ ಹೇಳಿಕೊಂಡ. ಹಿಂದಿರುಗುವಾಗ ಮಾಳಪ್ಪನಿಗೆ ವಿಷಯ ಹೇಳಿದೆ: ನಾಳೆ ಪೊಲೀಸರು ಯಂತ್ರ ಒಯ್ಯುತ್ತಾರೆ. ಮಾಳಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಬೆಳಿಗ್ಗೆ ಜೀಪು ಬಂತು. ಅಧಿಕಾರಿ, ನಾಲ್ಕೈದು ಪೊಲೀಸರು. ದಿಬ್ಬ ಹತ್ತಿ ಹೋದರೆ ಕುಣಿ ಖಾಲಿ. ತಳದಲ್ಲಿ ಯಂತ್ರ ಕೂತಿದ್ದ ಚೌಕದ ಗುರುತು, ಸುತ್ತ ಹೊಸದಾಗಿ ಎರಚಿದ ಭಂಡಾರ. ಗುಡಿಯ ಕಟ್ಟೆಯ ಮೇಲೆ ಮಾಳಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಅವನ ಹಿಂದೆ ಕುರುಬರ ಗಂಡಸರು ಕೋಲು ಹಿಡಿದು ನಿಂತಿದ್ದರು. ನಾಯಿಗಳಿದ್ದವು. ಹಿಂಡು ಮಾತ್ರ ಇರಲಿಲ್ಲ.

"ಕಾಕಾ, ಮಶೀನ್ ಎಲ್ಲಿ?" ಅಂದೆ.

"ಹೋಗ್ಯದ."

"ಎಲ್ಲಿ ಹೋಗ್ಯದ?"

"ಶಿರೂರ ಅನಂತಪಾಳದ ಕಡೆ ಕುರಿ ಹೋಗ್ಯಾವ. ಕುರಿ ಸಂಗಟ ಹೋಗ್ಯದ. ದೇವರ ಕಂಬಳ್ಯಾಗ ಕಟ್ಟಿ ಕಳಸೀನಿ, ಚಿಂತಿ ಬ್ಯಾಡ. ಭಂಡಾರ ಹಚ್ಚಿದ್ದನ್ನ ಪೊಲೀಸರ ಕೈಯಾಗ ಕೊಡಾಕ ಬರೂದಿಲ್ಲ."

ನಾನು ಮರಾಠಿಯಲ್ಲಿ ಹೇಳಿದೆ. ಅಧಿಕಾರಿಯ ಮುಖದಲ್ಲಿ ಏನೋ ಆರಿಹೋದದ್ದನ್ನು ಕಂಡೆ. ವಿದೇಶಿಯ ಯಂತ್ರ ಸರ್ಕಾರಕ್ಕೆ ಸಿಗುವ ಹಿಂದಿನ ರಾತ್ರಿ ಕಾಣೆಯಾಗಿತ್ತು. ಇದನ್ನು ಅವರು ಹೇಗೆ ಬರೆಯಬೇಕು?

ತೆಸ್ಫಾಯೆ ಮುಂದೆ ಬಂದ. ಮಾಳಪ್ಪನ ಮುಂದೆ ಮೊಣಕಾಲೂರಿದ. ದಯವಿಟ್ಟು ತರಿಸಿ, ಅದು ಸಿಗದಿದ್ದರೆ ನನ್ನನ್ನು ಇಲ್ಲಿಂದ ಓಡಿಸುತ್ತಾರೆ ಎಂದ. ನಾನು ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳಿದೆ. ಮಾಳಪ್ಪ ಕೇಳಿಸಿಕೊಂಡು ನನಗೆ ಕಣ್ಣು ಹೊಡೆದ.

"ಅಂವಾ ಹಂಗೇ ಅನ್ನಬೇಕಲಾ, ಪೊಲೀಸರ ಮುಂದ. ಭೇಷ್ ಅಂದ."

"ಇಲ್ಲ ಕಾಕಾ, ಖರೇನೇ ಹೇಳಾಕತ್ಯಾನ. ಮಶೀನ್ ಕೊಟ್ರ ಉಳೀತಾನ."

"ಮಶೀನ್ ಇಲ್ಲಂದ್ರ ಪುರಾವಾ ಇಲ್ಲ. ಪುರಾವಾ ಇಲ್ಲಂದ್ರ ಏನ್ ಮಾಡ್ತಾರ?" ಮಾಳಪ್ಪ ಮೆಲ್ಲಗೆ ಅಂದ. "ನೀ ಶಾಣ್ಯಾ ಆಗಬ್ಯಾಡ ತಮ್ಮಾ, ಸುಮ್ಮ ನಿಂದ್ರು. ಮಳಿಗಾಲಕ್ಕ ತಂದು ಅದೇ ಕುಣ್ಯಾಗ ಇಡ್ತೀನಿ."

ತೆಸ್ಫಾಯೆ ಎಷ್ಟು ಬೇಡಿಕೊಂಡನೋ ಅಷ್ಟೂ ಮಾಳಪ್ಪನಿಗೆ ಖಾತ್ರಿಯಾಗುತ್ತ ಹೋಯಿತು, ತಾನು ಮಾಡಿದ್ದೇ ಸರಿಯೆಂದು. ಕೊನೆಗೆ ತೆಸ್ಫಾಯೆ ಅತ್ತ. ಅದನ್ನು ನೋಡಿ ಲಗಮವ್ವ ಪೊಲೀಸರನ್ನು ಬೈಯತೊಡಗಿದಳು: "ಉಪವಾಸ ಇರೂ ಹುಡುಗನ್ನ ಅಳಸ್ತೀರಿ, ನಿಮ್ಮ ಹೊಟ್ಟಿ ತಣ್ಣಗಾಯ್ತೇನ್ರೋ?" ಒಬ್ಬ ಪೊಲೀಸ್ ಅವಳನ್ನು ಹಿಂದಕ್ಕೆ ತಳ್ಳಿದ. ನಾಯಿ ಹಾರಿತು. ಲಾಠಿ ಎದ್ದಿತು, ಅದರ ಹಿಂದೆಯೇ ಕುರುಬರ ಕೋಲುಗಳೆದ್ದವು. ನಡುವೆ ತೆಸ್ಫಾಯೆ, ಇನ್ನೂ ಮೊಣಕಾಲ ಮೇಲೆ. ಅಧಿಕಾರಿಯ ಕೈ ಸೊಂಟದ ಪಿಸ್ತೂಲಿಗೆ ಹೋದದ್ದನ್ನು ಕಂಡೆ. ನಾನು ಮರಾಠಿಯಲ್ಲಿ ಕೂಗಿದೆನೋ ಕನ್ನಡದಲ್ಲಿ ಕೂಗಿದೆನೋ ನೆನಪಿಲ್ಲ. ಇಂದಿಗೂ ಆ ಒಂದು ಗಳಿಗೆಗೆ ಮರಳಿ ಮರಳಿ ಹೋಗುತ್ತೇನೆ. ಯಾವ ಮಾತು ಹೇಳಿದ್ದರೆ ಎರಡೂ ಕಡೆಯವರು ಒಂದೇ ಅರ್ಥ ಮಾಡಿಕೊಳ್ಳುತ್ತಿದ್ದರು? ಅಂಥ ಮಾತು ಇನ್ನೂ ಸಿಕ್ಕಿಲ್ಲ.

ಆಗ ನೆಲ ಗುಡುಗಿತು.

ಮೊದಲು ಸದ್ದು, ಕಲ್ಲಿನ ಲಾರಿ ಒಮ್ಮೆಲೇ ಸುರಿದ ಹಾಗೆ. ಆಮೇಲೆ ಕಾಲ ಕೆಳಗಿನದು ಪಕ್ಕಕ್ಕೆ ಸರಿಯಿತು. ಕೆಳಗೆ ಶೆಡ್ಡುಗಳ ತಗಡೆಲ್ಲ ಒಟ್ಟಿಗೆ ಕೂಗಿದವು. ಗುಡಿಯ ಗಂಟೆ ತಾನೇ ಬಾರಿಸಿತು. ಆ ಚಳಿಗಾಲದಲ್ಲೆಲ್ಲ ಅಷ್ಟು ಜೋರಾಗಿ ಆಗಿರಲಿಲ್ಲ. ಲಾಠಿ, ಕೋಲು ಎಲ್ಲ ಕೆಳಗಿಳಿದವು. ಪೊಲೀಸರೂ ಕುರುಬರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಕೂತಿದ್ದರು. ತೆಸ್ಫಾಯೆ ಮಾತ್ರ ಎದ್ದು ಓಡಿದ. ಗುಡಿಯ ಹಿಂದೆ, ಕುಣಿಯ ಕಡೆ, ದಿನಾ ಓಡುತ್ತಿದ್ದ ಹಾಗೆಯೇ, ಮುಳ್ಳು ಏನು ಬರೆದಿದೆ ನೋಡಲು.

ಅಲ್ಲಿ ಹೋಗಿ ನಿಂತ. ಕುಣಿಯ ಅಂಚಿನಿಂದ ಸಣ್ಣ ಕಲ್ಲುಗಳು ಒಳಗೆ ಉರುಳುತ್ತಿದ್ದವು. ನೆಲ ನಿಂತಿತು. ಎಲ್ಲರೂ ಒಬ್ಬೊಬ್ಬರಾಗಿ ಅವನ ಹಿಂದೆ ಬಂದು ನಿಂತರು, ಅಧಿಕಾರಿಯೂ ಸೇರಿ.

"ಕೇಳು ತಮ್ಮಾ," ಮಾಳಪ್ಪ ನನ್ನ ಭುಜ ಮುಟ್ಟಿದ. "ದೊಡ್ಡದೇನು? ಇನ್ನೂ ಬರ್ತದೇನು?"

ನಾನು ಅನುವಾದಿಸಬೇಕಾಗಲಿಲ್ಲ. ತೆಸ್ಫಾಯೆಗೆ ಅರ್ಥವಾಗಿತ್ತು. ಖಾಲಿ ಕುಣಿಯ ಕಡೆ ಕೈ ತೋರಿಸಿದ. ಆಗ ಮಾಳಪ್ಪನ ಮುಖ ನೋಡಿದೆ. ಬಾಯಲ್ಲಿದ್ದ ಎಲೆ ಅಗಿಯುವುದು ನಿಂತಿತ್ತು.

ಮಾಳಪ್ಪ ತಾನೇ ಹೋಗಿ ಯಂತ್ರ ತಂದ. ಕಂಬಳಿ ಬಿಚ್ಚಿದರೆ ಮುಳ್ಳು ಮುರಿದಿತ್ತು. ಕಾಗದದ ಮಸಿಯೆಲ್ಲ ಉಣ್ಣೆಗೆ ಹತ್ತಿ ಒರೆಸಿಹೋಗಿತ್ತು. ಅಧಿಕಾರಿ ಪಂಚನಾಮೆ ಮಾಡಿಸಿದರು. "ಮೊನ್ನೆಯ ವಿಮಾನದ ಮಾತಾದರೆ ಹೇಗಾದರೂ ಬರೆಯುತ್ತಿದ್ದೆ," ಎಂದು ನನಗೆ ಅಂದರು. "ಇದನ್ನು ಹೇಗೆ ಬರೆದರೂ ಒಂದೇ ಅರ್ಥವಾಗುತ್ತದೆ." ಅವರು ಹೇಳಿದ್ದು ಸುಳ್ಳಾಗಲಿಲ್ಲ. ಪುಸ್ತಕದ ವಿಷಯದ ಮಾತು ಮತ್ತೆ ಬರಲಿಲ್ಲ. ದೇಶ ಬಿಟ್ಟು ಹೋಗಬೇಕೆಂದು ಆಜ್ಞೆಯಾಯಿತು.

ಉಮರ್ಗಾದ ಬಸ್‌ ಸ್ಟ್ಯಾಂಡಿನಲ್ಲಿ ಇಬ್ಬರು ಪೊಲೀಸರ ನಡುವೆ ಅವನು ಸೋಲಾಪುರದ ಬಸ್ಸು ಕಾಯುತ್ತಿದ್ದ. ಲಗಮವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದಿದ್ದಳು. ಮಾಳಪ್ಪ ಬಂದಿರಲಿಲ್ಲ. ತೆಸ್ಫಾಯೆಯ ಉಗುರಿನ ಸಂದಿಯಲ್ಲಿ ಇನ್ನೂ ಮಸಿ ಇತ್ತು. ಅಂದು ಎಷ್ಟು ಹೊತ್ತು ಅಲುಗಿತು ಎಂದು ನನ್ನನ್ನು ಕೇಳಿದ. ಗೊತ್ತಿಲ್ಲ ಎಂದೆ. ಅಂದು ದಿಬ್ಬದ ಮೇಲಿದ್ದ ಒಬ್ಬ ಪೊಲೀಸನೂ ಅಲ್ಲಿದ್ದ, ನನ್ನಿಂದ ಅವನನ್ನೂ ಕೇಳಿಸಿದ. "ಮಾರುತಿ ಸ್ತೋತ್ರದ ಒಂದು ಸಾಲು ಮುಗಿಯುವಷ್ಟು," ಎಂದ ಅವನು. ಲಗಮವ್ವ, "ಇಲ್ಲ, ಭಾಳ ಹೊತ್ತು," ಎಂದಳು. ಬರೆದುಕೊಳ್ಳಲು ತೆಸ್ಫಾಯೆಯ ಹತ್ತಿರ ಕಾಗದ ಇರಲಿಲ್ಲ, ಇಟ್ಟುಕೊಳ್ಳಲು ಬಿಟ್ಟಿರಲಿಲ್ಲ. ಬೆರಳು ಮಡಚುತ್ತ ಮನಸ್ಸಿನಲ್ಲೇ ಏನೋ ಎಣಿಸಿದ. ಬಸ್ಸು ಬಂತು. ಕಿಟಕಿಯಿಂದ ಕೈ ಎತ್ತಿದ. ಆ ಮೇಲೆ ಅವನ ಸುದ್ದಿ ಸಿಕ್ಕಿಲ್ಲ. ಬಿರುಕು ಉಮರ್ಗಾದ ಕಡೆ ಸರಿಯುತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಭೂಕಂಪದ ಪಾಠ ಬಂದಾಗ ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕಿಟಕಿಯ ಹತ್ತಿರ ನಿಲ್ಲುತ್ತೇನೆ.

ಅಂದು ಯೆಣೆಗೂರಿನಲ್ಲಿ ಇನ್ನೊಂದು ಬಸ್ಸು ಬಂತು. ನಾನು ಹತ್ತಲಿಲ್ಲ. ಒಂದು ಆಟೊ ಹಿಡಿದು ಆ ಹಳ್ಳಿಗೆ ಹೋದೆ. ಊರೀಗ ಸಾಲು ಮನೆಗಳ ಊರು, ಗುರುತೇ ಸಿಗಲಿಲ್ಲ. ಗುಡಿಗೆ ಕಾಂಕ್ರೀಟಿನ ಚಾವಣಿ ಬಂದಿದೆ. ಕಟ್ಟೆಯ ಮೇಲೆ ಮಾಳಪ್ಪ ಕಾಕಾ ಕೂತಿದ್ದ. ಕಣ್ಣು ಮಂಜಾಗಿವೆ. ಲಗಮವ್ವ ತೀರಿಕೊಂಡು ಬಹಳ ದಿನವಾಯಿತಂತೆ. ಹೆಸರು ಹೇಳಿದೆ. ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡ.

ಗುಡಿಯ ಹಿಂದೆ ಹೋಗಿ ನೋಡಿದೆ. ಕುಣಿ ಹಾಗೆಯೇ ಇತ್ತು. ಒಳಗೆ ಕಸವಿಲ್ಲ, ಹುಲ್ಲಿಲ್ಲ. ತಳದ ಬಂಡೆಯ ಮೇಲೆ ಆ ದಿನದ ಹಾಗೆಯೇ ಭಂಡಾರ ಇತ್ತು, ಬೆಳಿಗ್ಗೆಯಷ್ಟೇ ಎರಚಿದ ಹಸಿ ಹಳದಿ.

ಮರಳಿ ಬಂದಾಗ ಮಾಳಪ್ಪ ನನ್ನ ಕಡೆಗೆ ಕಿವಿ ಕೊಟ್ಟು ಕೇಳಿದ. "ದಿಲ್ಲಿ ಕಾಗದ ಬಂತೇನೋ ತಮ್ಮಾ?"

"ಇನ್ನೂ ಇಲ್ಲ ಕಾಕಾ," ಅಂದೆ.

ಅವನು ತಲೆಯಾಡಿಸಿದ. "ಗುಡಿ ಕಮೀಟಿಯವ್ರು ಕುಣಿ ಮುಚ್ಚತೀವಿ ಅಂತ ಗಂಟ ಬಿದ್ದಾರ," ಅಂದ. "ಕಾಗದ ಬರೂತನಕ ಬ್ಯಾಡ ಅಂತ ಹೇಳ್ತೀನಿ."